ಬಿಸಿಲಿನಿಂದ ಮರುಕಳಿಸುವ ತುಟಿಗುಳ್ಳೆ ಮತ್ತು ಅದರ ಚಿಕಿತ್ಸಾ ಪರೀಕ್ಷೆಗಳು

ಬಿಸಿಲಿನಿಂದ ಮರುಕಳಿಸುವ ತುಟಿಗುಳ್ಳೆ ಎಂದರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿನ ಸೋಂಕು ಹಿಂದೆಯೇ ತಗುಲಿದ ವ್ಯಕ್ತಿಗೆ, ತೀಕ್ಷ್ಣವಾದ ಸೂರ್ಯಪ್ರಕಾಶ ತಾಗಿದ ಕೆಲವು ದಿನಗಳೊಳಗೆ ತುಟಿಯ ಅಂಚಿನಲ್ಲಿ ಮೂಡುವ ನೀರುಗುಳ್ಳೆಗಳ ಗೊಂಚಲು. ಜ್ವರದ ಬೆನ್ನಿಗೆ ಮೂಡುವ ಇದೇ ಗುಳ್ಳೆಯನ್ನು ಜ್ವರಗುಳ್ಳೆ ಎಂದು ಕರೆಯುವುದುಂಟು. ಇದು ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ತಾನಾಗಿಯೇ ಒಣಗಿ ಮಾಯುತ್ತದೆ. ತಾನಾಗಿ ಮಾಯುವ ಕಾಯಿಲೆಗೆ ಯಾವ ಮದ್ದು ಹಚ್ಚಿದರೂ ಅದು ಫಲಿಸಿದಂತೆಯೇ ತೋರುತ್ತದೆ. ಆದುದರಿಂದ ಈ ಕಾಯಿಲೆಯಲ್ಲಿ ಮದ್ದಿನ ನಿಜವಾದ ಗುಣವನ್ನು ಅರಿಯಲು ಹೋಲಿಕೆಯ ಪರೀಕ್ಷೆ ಅನಿವಾರ್ಯವಾಯಿತು. ಅಂತಹ ಪರೀಕ್ಷೆಗಳು 1980ರ ದಶಕದಿಂದ ಮುಖ್ಯವಾಗಿ ಅಮೆರಿಕ ಮತ್ತು ಕೆನಡಾಗಳಲ್ಲಿ, ಪ್ರಯೋಗಾಲಯದ ದೀಪದ ಕೆಳಗೆ ಹಾಗೂ ಹಿಮದ ಇಳಿಜಾರುಗಳ ಮೇಲೆ ನಡೆದಿವೆ. ಅವುಗಳ ಫಲಿತಾಂಶಗಳನ್ನೂ, ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಂತಹ ಬಿಸಿಲುನಾಡಿನಲ್ಲಿ ದುಡಿಯುವವರಿಗೆ ಅವು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂಬುದನ್ನೂ ಈ ಲೇಖನ ವಿವರಿಸುತ್ತದೆ.

ಹೆಸರು ಮತ್ತು ಗೊಂದಲ

ಹಳೆಯ ಮೈಸೂರು ಸೀಮೆಯಲ್ಲಿ ತುಟಿಯ ಮೇಲೆ ಗುಳ್ಳೆ ಎದ್ದರೆ ‘ಉಷ್ಣಕ್ಕೆ ಎದ್ದಿದೆ’ ಎನ್ನುವುದು ವಾಡಿಕೆ. ಮಜ್ಜಿಗೆ, ಎಳನೀರು ಕುಡಿಸುವುದು, ಬೆಣ್ಣೆ ಅಥವಾ ತುಪ್ಪ ಸವರುವುದು ಈ ನಂಬಿಕೆಯ ಮುಂದುವರಿಕೆ. ಬಿಸಿಲಿಗೂ ಗುಳ್ಳೆಗೂ ನಂಟಿದೆ ಎಂಬ ಗ್ರಹಿಕೆ ಇದರಲ್ಲಿ ಅಡಗಿದೆ, ಮತ್ತು ಆ ಗ್ರಹಿಕೆ ತಪ್ಪಲ್ಲ. ಆದರೆ ಗುಳ್ಳೆಯನ್ನು ಕೆಣಕುವುದು ಮೈಯ ಕಾವಲ್ಲ, ಬಿಸಿಲಿನಲ್ಲಿರುವ ನೇರಳಾತೀತ ಕಿರಣ. ಹಿಮ ಬಿದ್ದ ಬೆಟ್ಟದ ಕೊರೆಯುವ ಚಳಿಯಲ್ಲಿಯೂ ಬಿಸಿಲು ಪ್ರಖರವಾಗಿದ್ದರೆ ಈ ಗುಳ್ಳೆ ಮೂಡುವುದೇ ಇದಕ್ಕೆ ಸಾಕ್ಷಿ.

ಇದನ್ನು ಸರ್ಪಸುತ್ತಿನೊಂದಿಗೆ ಬೆರೆಸಬಾರದು. ಸರ್ಪಸುತ್ತು ಸಿತಾಳೆ ಸಿಡುಬಿನ ವೈರಾಣುವು ಮತ್ತೆ ಎಚ್ಚೆತ್ತಾಗ ಮೈಯ ಒಂದು ಮಗ್ಗುಲಿನಲ್ಲಿ ಪಟ್ಟಿಯಂತೆ ಹರಡುವ ಬೇರೆಯೇ ರೋಗ. ಎರಡೂ ಒಂದೇ ವೈರಾಣು ಕುಟುಂಬಕ್ಕೆ ಸೇರಿರುವುದರಿಂದ ಮತ್ತು ಇಂಗ್ಲಿಷಿನಲ್ಲಿ ಎರಡಕ್ಕೂ ಹರ್ಪಿಸ್ ಎಂಬ ಪದ ಅಂಟಿಕೊಂಡಿರುವುದರಿಂದ ಗೊಂದಲ ಉಂಟಾಗುತ್ತದೆ. ಬಾಯಿಯ ಒಳಗೆ, ಕೆನ್ನೆ ಅಥವಾ ನಾಲಗೆಯ ಮೇಲೆ ಆಗುವ ಸಾಧಾರಣ ಬಾಯಿಹುಣ್ಣು ಕೂಡ ಇದಲ್ಲ, ಅದು ಅಂಟುರೋಗವಲ್ಲ.

ರೋಗಕಾರಣ

ರೋಗಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಾಣುವಿನ ಮೊದಲನೆಯ ಬಗೆ. 2016ರ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 370 ಕೋಟಿ ಜನರಲ್ಲಿ, ಎಂದರೆ ಆ ವಯೋಮಾನದ ಮೂರರಲ್ಲಿ ಎರಡು ಪಾಲು ಜನರಲ್ಲಿ, ಈ ಸೋಂಕು ಇದೆ. ಸೋಂಕು ಬಹುಪಾಲು ಬಾಲ್ಯದಲ್ಲಿಯೇ, ಎಂಜಲು ಮತ್ತು ಮುತ್ತಿನ ಮೂಲಕ ತಗುಲುತ್ತದೆ. ಅನೇಕರಿಗೆ ಜೀವಮಾನದಲ್ಲಿ ಒಮ್ಮೆಯೂ ಗುಳ್ಳೆ ಏಳುವುದಿಲ್ಲ.

ಮೊದಲ ಸೋಂಕು ಅಡಗಿದ ಮೇಲೆ ವೈರಾಣು ದೇಹವನ್ನು ಬಿಟ್ಟುಹೋಗುವುದಿಲ್ಲ. ಅದು ತುಟಿಯ ನರತಂತುವಿನ ಗುಂಟ ಸಾಗಿ, ಮುಖದ ಸ್ಪರ್ಶಜ್ಞಾನವನ್ನು ಹೊರುವ ತ್ರಿಶಾಖಾ ನರದ ಗ್ರಂಥಿಯಲ್ಲಿ ಸುಪ್ತವಾಗಿ ಉಳಿಯುತ್ತದೆ. ಜ್ವರ, ನೆಗಡಿ, ಆಯಾಸ, ಮುಟ್ಟು, ಹಲ್ಲಿನ ಚಿಕಿತ್ಸೆ, ಬಿಸಿಲು ಮುಂತಾದ ಪ್ರಚೋದನೆ ಒದಗಿದಾಗ ಎಚ್ಚೆತ್ತು ಅದೇ ನರದ ಹಾದಿಯಲ್ಲಿ ತುಟಿಗೆ ಮರಳುತ್ತದೆ. ಗುಳ್ಳೆ ಪ್ರತಿಸಲವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಏಳುವುದಕ್ಕೆ ಇದೇ ಕಾರಣ. ಗುಳ್ಳೆ ಕಾಣಿಸುವ ಮೊದಲು ಆ ಜಾಗದಲ್ಲಿ ಚುರುಗುಟ್ಟುವಿಕೆ ಅಥವಾ ನವೆ ಉಂಟಾಗುತ್ತದೆ. ಪದೇಪದೇ ಅನುಭವಿಸಿದವರು ಈ ಮುನ್ಸೂಚನೆಯನ್ನು ತಪ್ಪದೆ ಗುರುತಿಸುತ್ತಾರೆ.

ತುಟಿಯ ಕೆಂಪುಭಾಗದ ಹೊರಪದರ ತೆಳುವಾದುದು, ವರ್ಣದ್ರವ್ಯ ಕಡಿಮೆ ಇರುವಂತಹುದು. ಆದುದರಿಂದ ನೇರಳಾತೀತ ಕಿರಣ, ಅದರಲ್ಲಿಯೂ ಬಿ ವರ್ಗದ ಕಿರಣ, ಅದನ್ನು ಬೇಗ ಘಾಸಿಗೊಳಿಸುತ್ತದೆ. ಘಾಸಿಯು ನರತುದಿಗಳನ್ನು ಕೆಣಕಿ ವೈರಾಣುವನ್ನು ಎಚ್ಚರಿಸುತ್ತದೆ. ಅದೇ ಹೊತ್ತಿಗೆ ಚರ್ಮದ ಕಾವಲು ಕೋಶಗಳ ಕೆಲಸವನ್ನು ಕೆಲವು ದಿನಗಳ ಮಟ್ಟಿಗೆ ಕುಂದಿಸುತ್ತದೆ. ಕಳ್ಳ ಏಳುವುದೂ ಕಾವಲುಗಾರ ಮಲಗುವುದೂ ಒಟ್ಟಿಗೆ ಆದಂತೆ.

ಪ್ರಯೋಗಾಲಯದ ಮಾದರಿ

ತುಟಿಗುಳ್ಳೆ ಯಾವಾಗ ಏಳುತ್ತದೆಂದು ಹೇಳಲಾಗದಿರುವುದು ಸಂಶೋಧಕರ ಮೊದಲ ತೊಡಕು. ರೋಗಿಯು ಆಸ್ಪತ್ರೆಗೆ ಬರುವಷ್ಟರಲ್ಲಿ ಗುಳ್ಳೆ ಒಡೆದು ಹೊಪ್ಪಳೆ ಕಟ್ಟಿರುತ್ತದೆ. ಇದಕ್ಕೆ ಪರಿಹಾರವಾಗಿ ರೂಪುಗೊಂಡದ್ದು ನೇರಳಾತೀತ ಪ್ರಚೋದನೆಯ ಮಾದರಿ. ಬಿಸಿಲಿನಿಂದ ಗುಳ್ಳೆ ಏಳುವ ಇತಿಹಾಸವುಳ್ಳ ಸ್ವಯಂಸೇವಕರ ಒಪ್ಪಿಗೆ ಪಡೆದು, ಅವರವರ ಚರ್ಮ ಕೆಂಪೇರಲು ಬೇಕಾದ ಕನಿಷ್ಠ ಪ್ರಮಾಣವನ್ನು ಮೊದಲು ಅಳೆದು, ಅದರ ಕೆಲವು ಪಟ್ಟು ಕಿರಣವನ್ನು ತುಟಿಯ ಒಂದು ಗೊತ್ತಾದ ಭಾಗದ ಮೇಲೆ ದೀಪದಿಂದ ಬೀರಲಾಗುತ್ತದೆ. ಆ ಬಳಿಕ ಒಂದು ವಾರದವರೆಗೆ ದಿನವೂ ಪರೀಕ್ಷಿಸಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 1987ರಲ್ಲಿ ಇಂತಹ ಮಾನವ ಮಾದರಿಯೊಂದನ್ನು ಪ್ರಕಟಿಸಿದರು.

ಅದೇ ತಂಡದ ರೂನಿ ಮತ್ತು ಸಂಗಡಿಗರು 1991ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪರೀಕ್ಷೆ ಈ ವಿಷಯದಲ್ಲಿ ಬಹಳ ಉಲ್ಲೇಖಿತವಾದುದು. ಅದು ಅದಲುಬದಲು ವಿನ್ಯಾಸದ ಪರೀಕ್ಷೆ. ಎಂದರೆ ಒಬ್ಬರೇ ವ್ಯಕ್ತಿ ಒಮ್ಮೆ ಸನ್‌ಸ್ಕ್ರೀನ್ ಲೇಪವನ್ನೂ ಇನ್ನೊಮ್ಮೆ ಅದೇ ರೀತಿ ಕಾಣುವ ಹುಸಿಲೇಪವನ್ನೂ ಹಚ್ಚಿಕೊಂಡು ದೀಪಕ್ಕೆ ತುಟಿಯೊಡ್ಡಿದರು. ಹುಸಿಲೇಪ ಹಚ್ಚಿದಾಗ 38 ಮಂದಿಯಲ್ಲಿ 27 ಮಂದಿಗೆ, ಎಂದರೆ ಶೇಕಡ 71ರಷ್ಟು ಜನರಿಗೆ, ಸರಾಸರಿ ಮೂರು ದಿನಗಳೊಳಗೆ ಗುಳ್ಳೆ ಎದ್ದಿತು. ಸನ್‌ಸ್ಕ್ರೀನ್ ಹಚ್ಚಿದಾಗ 35 ಮಂದಿಯಲ್ಲಿ ಒಬ್ಬರಿಗೂ ಗುಳ್ಳೆ ಏಳಲಿಲ್ಲ. ಒಬ್ಬರಲ್ಲಿ ಮಾತ್ರ ಗುಳ್ಳೆಯಿಲ್ಲದೆಯೇ ವೈರಾಣು ಹೊರಬಂದದ್ದು ಪತ್ತೆಯಾಯಿತು. ಔಷಧಶಾಸ್ತ್ರದಲ್ಲಿ ಇಷ್ಟು ಸ್ಫುಟವಾದ ಫಲಿತಾಂಶ ಅಪರೂಪ.

ಯೂಟಾ ವಿಶ್ವವಿದ್ಯಾಲಯದ ಸ್ಪ್ರೂಆನ್ಸ್ ಮತ್ತು ಅವರ ತಂಡ ಇದೇ ಮಾದರಿಯಿಂದ ಮತ್ತೊಂದು ಸೂಕ್ಷ್ಮವನ್ನು ಕಂಡುಕೊಂಡಿತು. ಕಿರಣ ತಾಗಿದ ಮೇಲೆ ಏಳುವ ಗುಳ್ಳೆಗಳಲ್ಲಿ ಎರಡು ಬಗೆ: 48 ಗಂಟೆಗಳೊಳಗೇ ಏಳುವಂತಹವು, ಮತ್ತು 2ರಿಂದ 7ನೆಯ ದಿನದ ನಡುವೆ ಏಳುವಂತಹವು. ಅಸೈಕ್ಲೊವಿರ್ ಮಾತ್ರೆಯ ಪರಿಣಾಮ ಎರಡನೆಯ ಬಗೆಯ ಮೇಲೆ ಮಾತ್ರ ಕಾಣಿಸಿತು. ಬೇಗನೆ ಏಳುವ ಗುಳ್ಳೆಗಳನ್ನು ಅದು ತಡೆಯಲಿಲ್ಲ. ಬಿಸಿಲಿಗೆ ಹೋಗಿ ಬಂದ ಮೇಲೆ ಮಾತ್ರೆ ನುಂಗಿದವರಲ್ಲಿ ಕೆಲವರಿಗೆ ಗುಣವೇ ಕಾಣದಿರುವುದೇಕೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಅಸೈಕ್ಲೊವಿರ್‌ನ ಬಗೆಗೆ ಇಲ್ಲಿ ಎರಡು ಮಾತು ಅಗತ್ಯ. 1970ರ ದಶಕದಲ್ಲಿ ಬರೋಸ್ ವೆಲ್‌ಕಮ್ ಕಂಪನಿಯ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಔಷಧದ ಹಿಂದೆ ಗರ್ಟ್ರೂಡ್ ಎಲಿಯನ್ ಅವರ ತಂಡದ ದುಡಿಮೆಯಿದೆ. ಅವರು 1988ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇತರ ಇಬ್ಬರೊಂದಿಗೆ ಹಂಚಿಕೊಂಡರು. ಔಷಧವು ನುಂಗಿದ ರೂಪದಲ್ಲಿ ನಿಷ್ಕ್ರಿಯ. ವೈರಾಣು ಹೊಕ್ಕ ಕೋಶದಲ್ಲಿ ವೈರಾಣುವಿನದೇ ಆದ ಒಂದು ಕಿಣ್ವ ಅದನ್ನು ಸಕ್ರಿಯಗೊಳಿಸುತ್ತದೆ. ಸಕ್ರಿಯಗೊಂಡ ಔಷಧ ವೈರಾಣುವಿನ ಡಿಎನ್‌ಎ ಬೆಳೆಯದಂತೆ ತಡೆಯುತ್ತದೆ. ಹೀಗಾಗಿ ಆರೋಗ್ಯವಂತ ಕೋಶಗಳಿಗೆ ತೊಂದರೆ ಕಡಿಮೆ. ಆದರೆ ನರಗ್ರಂಥಿಯಲ್ಲಿ ಮಲಗಿರುವ ವೈರಾಣುವನ್ನು ಅದು ಮುಟ್ಟಲಾರದು. ತುಟಿಗುಳ್ಳೆಯನ್ನು ಬುಡಸಹಿತ ಕೀಳುವ ಔಷಧ ಬಳಕೆಯಲ್ಲಿಲ್ಲ.

1999ರಲ್ಲಿ ಫ್ಯಾಮ್‌ಸೈಕ್ಲೊವಿರ್ ಎಂಬ ಮಾತ್ರೆಯನ್ನು ಇದೇ ದೀಪದ ಮಾದರಿಯಲ್ಲಿ ಪರೀಕ್ಷಿಸಲಾಯಿತು. ಕಿರಣ ಬೀರಿದ 48 ಗಂಟೆಗಳ ಬಳಿಕ ಆರಂಭಿಸಿ ಐದು ದಿನ ಕೊಟ್ಟಾಗ, 500 ಮಿಲಿಗ್ರಾಂ ಪ್ರಮಾಣದಲ್ಲಿ ಗುಳ್ಳೆಯ ಗಾತ್ರ ಕುಗ್ಗಿತು, ಮಾಯುವ ಕಾಲ ಸುಮಾರು ಎರಡು ದಿನ ಕಡಿಮೆಯಾಯಿತು. ಗುಳ್ಳೆಗಳ ಸಂಖ್ಯೆ ಮಾತ್ರ ಇಳಿಯಲಿಲ್ಲ. ಗುಳ್ಳೆಯ ಊತ ಮತ್ತು ನೋವಿಗೆ ವೈರಾಣುವಿನಷ್ಟೇ ದೇಹದ ಉರಿಯೂತವೂ ಕಾರಣವೆಂಬ ತರ್ಕದಿಂದ, ವೈರಾಣು ನಿರೋಧಕದೊಂದಿಗೆ ಸ್ಟೀರಾಯ್ಡ್ ಲೇಪವನ್ನು ಜೊತೆಗೂಡಿಸುವ ಪ್ರಯತ್ನಗಳೂ ದೀಪದ ಕೆಳಗೇ ನಡೆದವು. ಅವುಗಳ ಮುಂದುವರಿಕೆಯಾಗಿ ಅಸೈಕ್ಲೊವಿರ್ ಮತ್ತು ಹೈಡ್ರೊಕಾರ್ಟಿಸೋನ್ ಬೆರೆತ ಮುಲಾಮಿಗೆ 2009ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ಟೀರಾಯ್ಡ್ ಮುಲಾಮನ್ನು ಒಂಟಿಯಾಗಿ ಗುಳ್ಳೆಗೆ ಹಚ್ಚಿದರೆ ಸೋಂಕು ಹರಡುವ ಅಪಾಯವಿದೆ. ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುವ ‘ಚರ್ಮದ ಟ್ಯೂಬು’ಗಳಲ್ಲಿ ಸ್ಟೀರಾಯ್ಡ್ ಇರುವುದು ನಮ್ಮಲ್ಲಿ ಸಾಮಾನ್ಯವಾದುದರಿಂದ ಈ ಎಚ್ಚರಿಕೆ ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಎಲ್ಲರಿಗೂ ಬೇಕು.

ಹಿಮದ ಇಳಿಜಾರಿನ ಪರೀಕ್ಷೆಗಳು

ದೀಪದ ಕೆಳಗೆ ಗೆದ್ದದ್ದು ಬಯಲಲ್ಲಿಯೂ ಗೆಲ್ಲುತ್ತದೆಯೇ? ಇದನ್ನು ತಿಳಿಯಲು ಸಂಶೋಧಕರು ಹಿಮಜಾರಾಟಗಾರರನ್ನು ಆಯ್ದುಕೊಂಡರು. ಹೊಸ ಹಿಮವು ನೇರಳಾತೀತ ಕಿರಣದ ಶೇಕಡ 80ರಷ್ಟನ್ನು ಮೇಲಕ್ಕೆ ಪ್ರತಿಫಲಿಸಬಲ್ಲದು. ಎತ್ತರ ಪ್ರತಿ 1000 ಮೀಟರ್ ಏರಿದಂತೆ ಕಿರಣದ ಪ್ರಖರತೆ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ. ರಜೆಗೆಂದು ಕೆಲವು ದಿನ ಬೆಟ್ಟದ ಮೇಲಿರುವ ಜನರನ್ನು ಒಂದೆಡೆ ಹಿಡಿದು ಗಮನಿಸುವುದೂ ಸುಲಭ.

ಮಿಲ್ಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸನ್‌ಸ್ಕ್ರೀನ್ ಹಚ್ಚಿಕೊಂಡ ಜಾರಾಟಗಾರರಿಗೂ ಹುಸಿಲೇಪ ಹಚ್ಚಿಕೊಂಡವರಿಗೂ ಗುಳ್ಳೆಯ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ವರ್ಷಗಳ ತರುವಾಯ ದೀಪದ ಕೆಳಗೆ ಸಂಪೂರ್ಣ ಗೆದ್ದದ್ದು ಇದೇ ಬಗೆಯ ಲೇಪ. ಈ ವಿರೋಧ ಓದುಗರನ್ನು ತಬ್ಬಿಬ್ಬುಗೊಳಿಸಬಹುದಾದರೂ ಒಳಹೊಕ್ಕು ನೋಡಿದರೆ ಅಚ್ಚರಿಯಿಲ್ಲ. ಪ್ರಯೋಗಾಲಯದಲ್ಲಿ ಲೇಪವನ್ನು ಅಳತೆಯಿಂದ ಹಚ್ಚಿ, ಒಡನೆಯೇ ಕೆಲವು ನಿಮಿಷ ಕಿರಣ ಬೀರಲಾಗುತ್ತದೆ. ಬಯಲಲ್ಲಿ ಮನುಷ್ಯ ತುಟಿ ನೆಕ್ಕುತ್ತಾನೆ, ಉಣ್ಣುತ್ತಾನೆ, ನೀರು ಕುಡಿಯುತ್ತಾನೆ, ಬಾಯಿ ಒರೆಸಿಕೊಳ್ಳುತ್ತಾನೆ. ಲೇಪ ಗಂಟೆ ಕಳೆಯುವಷ್ಟರಲ್ಲಿ ತೆಳ್ಳಗಾಗುತ್ತದೆ. ಮೇಲಾಗಿ ಬಯಲಲ್ಲಿ ಗಾಳಿ, ಚಳಿ, ಆಯಾಸಗಳೂ ಸೇರಿ ಕೆಣಕುತ್ತವೆ. ಇವುಗಳಿಗೆ ಸನ್‌ಸ್ಕ್ರೀನ್ ಮದ್ದಲ್ಲ. ಗುಳ್ಳೆ ಎದ್ದವರ ಸಂಖ್ಯೆಯೇ ಚಿಕ್ಕದಾಗಿದ್ದಾಗ ಇರುವ ವ್ಯತ್ಯಾಸವೂ ಲೆಕ್ಕದಲ್ಲಿ ಕಾಣದೆ ಹೋಗಬಹುದು.

ಮಾತ್ರೆಯ ಕಥೆಯೂ ಹೀಗೆಯೇ ಕವಲೊಡೆದಿದೆ. ಸ್ಪ್ರೂಆನ್ಸ್ ತಂಡ 1988ರಲ್ಲಿ 147 ಜಾರಾಟಗಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಬಿಸಿಲಿಗೆ ಹೊರಡುವ 12 ಗಂಟೆ ಮೊದಲಿನಿಂದ ದಿನಕ್ಕೆರಡು ಬಾರಿ 400 ಮಿಲಿಗ್ರಾಂ ಅಸೈಕ್ಲೊವಿರ್ ಅಥವಾ ಹುಸಿಮಾತ್ರೆ ಕೊಟ್ಟಿತು. ಯಾರಿಗೆ ಯಾವುದು ಸಿಕ್ಕಿದೆಯೆಂಬುದು ಕೊಟ್ಟವರಿಗೂ ತಿಳಿಯದು, ನುಂಗಿದವರಿಗೂ ತಿಳಿಯದು. ಹುಸಿಮಾತ್ರೆಯ 72 ಮಂದಿಯಲ್ಲಿ 19 ಮಂದಿಗೆ, ಔಷಧದ 75 ಮಂದಿಯಲ್ಲಿ 5 ಮಂದಿಗೆ ಗುಳ್ಳೆ ಎದ್ದಿತು. ಎಂದರೆ ಶೇಕಡ 26 ಮತ್ತು ಶೇಕಡ 7. ಹತ್ತು ವರ್ಷಗಳ ಬಳಿಕ ಕೆನಡಾದ ರೇಬಾರ್ನ್ ಮತ್ತು ಸಂಗಡಿಗರು ಇನ್ನೂರಕ್ಕೂ ಹೆಚ್ಚು ಮಂದಿಯ ಮೇಲೆ, ಇಮ್ಮಡಿ ಪ್ರಮಾಣದ ಮಾತ್ರೆಯೊಂದಿಗೆ ಇದೇ ಪರೀಕ್ಷೆ ನಡೆಸಿದಾಗ ಗಮನಾರ್ಹ ವ್ಯತ್ಯಾಸ ದೊರೆಯಲಿಲ್ಲ. ಒಂದು ಪರೀಕ್ಷೆಯನ್ನು ಮಾತ್ರ ಓದಿ ತೀರ್ಮಾನಕ್ಕೆ ಬರುವವರು ಯಾವುದನ್ನು ಮೊದಲು ಓದಿದರೆಂಬುದರ ಮೇಲೆ ಅವರ ತೀರ್ಮಾನ ನಿಂತಿರುತ್ತದೆ.

ಇಂತಹ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆ 2015ರಲ್ಲಿ ಪ್ರಕಟವಾಯಿತು. ಅದು ತುಟಿಗುಳ್ಳೆಯ ತಡೆಗೆ ಸಂಬಂಧಿಸಿದ 32 ಪರೀಕ್ಷೆಗಳನ್ನು, ಒಟ್ಟು 2640 ಜನರ ವಿವರವನ್ನು ಒಳಗೊಂಡಿತ್ತು. ಕೃತಕ ಕಿರಣದ ಎದುರು ಸನ್‌ಸ್ಕ್ರೀನ್ ಬಲವಾಗಿ ತಡೆಯುತ್ತದೆ, ಸಹಜ ಬಿಸಿಲಿನ ಎದುರು ಹಾಗೆ ಸಿದ್ಧವಾಗಿಲ್ಲ. ವೈರಾಣು ನಿರೋಧಕ ಮಾತ್ರೆಯನ್ನು ದೀರ್ಘಕಾಲ ಸೇವಿಸಿದರೆ ಮರುಕಳಿಕೆ ಸ್ವಲ್ಪಮಟ್ಟಿಗೆ ಇಳಿಯುತ್ತದೆ, ಆದರೆ ಲಾಭ ದೊಡ್ಡದಲ್ಲ ಎಂಬುದು ಅದರ ಅಭಿಪ್ರಾಯ.

ಕೊಬ್ಬರಿ ಎಣ್ಣೆ

ತೆಂಗಿನ ಸೀಮೆಯಲ್ಲಿ ಒಡೆದ ತುಟಿಗೆ ಮೊದಲು ನೆನಪಾಗುವುದು ಕೊಬ್ಬರಿ ಎಣ್ಣೆ. ಅದು ಬಿಸಿಲನ್ನು ತಡೆಯುತ್ತದೆಂಬ ಮಾತಿಗೆ ಆಧಾರವಾಗಿ ಉಲ್ಲೇಖವಾಗುವುದು ರಾಯಪುರದ ಸಂಶೋಧಕರಾದ ಕೌರ್ ಮತ್ತು ಸರಾಫ್ 2010ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಹಲವು ಎಣ್ಣೆಗಳನ್ನು ಮದ್ಯಸಾರದಲ್ಲಿ ಕರಗಿಸಿ, ಬೆಳಕನ್ನು ಎಷ್ಟು ಹೀರುತ್ತವೆಂದು ಉಪಕರಣದಲ್ಲಿ ಅಳೆದು, ಸೂತ್ರದ ಮೂಲಕ ರಕ್ಷಣಾಂಕವನ್ನು ಲೆಕ್ಕಹಾಕಿದರು. ಆಲಿವ್ ಎಣ್ಣೆಗೂ ಕೊಬ್ಬರಿ ಎಣ್ಣೆಗೂ 7ರಿಂದ 8ರಷ್ಟು ಎಸ್‌ಪಿಎಫ್ ಬಂದಿತು. ಅದು ಗಾಜಿನ ಪಾತ್ರೆಯೊಳಗಿನ ಲೆಕ್ಕ. ತುಟಿಯ ಮೇಲಿನ ಅಳತೆಯಲ್ಲ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ಗಾಸ್ ಮತ್ತು ಚೌಹಾನ್ ಎಣ್ಣೆ ಹಾಗೂ ಹಣ್ಣಿನ ರಸಗಳನ್ನು ಪರೀಕ್ಷಿಸಿ, ಬರಿಯ ನೈಸರ್ಗಿಕ ಎಣ್ಣೆಯನ್ನು ಸನ್‌ಸ್ಕ್ರೀನ್ ಆಗಿ ನೆಚ್ಚಲಾಗದೆಂಬ ತೀರ್ಮಾನಕ್ಕೆ ಬಂದರು.

ಎಣ್ಣೆಯ ಮೇದಾಮ್ಲಗಳಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಅದರಿಂದ ದೊರೆಯುವ ಮೊನೊಲಾರಿನ್ ಎಂಬ ವಸ್ತುವು ಹರ್ಪಿಸ್‌ನಂತಹ ಕವಚವುಳ್ಳ ವೈರಾಣುಗಳನ್ನು ಪ್ರನಾಳದಲ್ಲಿ ನಾಶಪಡಿಸುವುದು ನಿಜ. ಪ್ರನಾಳದಲ್ಲಿ ಸೋಪಿನ ನೀರೂ ಅವುಗಳನ್ನು ನಾಶಪಡಿಸುತ್ತದೆ. ಗುಳ್ಳೆಯ ವೈರಾಣು ಕೋಶದ ಒಳಗೆ, ನರದ ತುದಿಯಲ್ಲಿ ಇರುವುದರಿಂದ ಮೇಲೆ ಸವರಿದ ಎಣ್ಣೆಗೆ ಅಲ್ಲಿಗೆ ದಾರಿಯಿಲ್ಲ. ಒಣಗಿದ ಹೊಪ್ಪಳೆ ಬಿರಿಯದಂತೆ ಮೃದುವಾಗಿಡಲು ಎಣ್ಣೆ, ಬೆಣ್ಣೆಗಳು ಹಿತ. ಅದಕ್ಕಿಂತ ಹೆಚ್ಚಿನದನ್ನು ಅವುಗಳಿಂದ ನಿರೀಕ್ಷಿಸಬಾರದು. ಎಲ್ಲರೂ ಕೈಹಾಕುವ ಎಣ್ಣೆಯ ಬಟ್ಟಲಿನಿಂದ ಗುಳ್ಳೆಯ ಬೆರಳಲ್ಲಿ ತೆಗೆದುಕೊಳ್ಳುವುದು ಸೋಂಕನ್ನು ಹಂಚಿದಂತೆ.

ತೆಂಗಿನ ಸೀಮೆಯ ಬಿಸಿಲು

ತಿಪಟೂರು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ. ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ನೆತ್ತಿಯ ಮೇಲೆ ನಿಲ್ಲುತ್ತಾನೆ. ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ನಡುಹಗಲಿನಲ್ಲಿ ನೇರಳಾತೀತ ಸೂಚ್ಯಂಕ 11ನ್ನು ಮುಟ್ಟುವುದು ಅಥವಾ ದಾಟುವುದು ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದು ಅತ್ಯಂತ ಮೇಲಿನ ದರ್ಜೆ. ಆಗಸ್ಟ್‌ನ ತಂಪು ಗಾಳಿಯಲ್ಲಿ ತುಟಿ ಸುಡುತ್ತಿದೆಯೆಂದು ತಿಳಿಯುವುದೇ ಇಲ್ಲ, ಆದರೆ ತೆಳುಮೋಡದ ಮೂಲಕ ನೇರಳಾತೀತ ಕಿರಣದ ಬಹುಪಾಲು ಇಳಿದುಬರುತ್ತದೆ.

ಹಿಮದ ಪರೀಕ್ಷೆಗಳನ್ನು ಇಲ್ಲಿಗೆ ಅನ್ವಯಿಸುವಾಗ ವ್ಯತ್ಯಾಸಗಳನ್ನು ನೆನಪಿಡಬೇಕು. ಮಣ್ಣು ಮತ್ತು ಹುಲ್ಲು ನೇರಳಾತೀತ ಕಿರಣದ ಶೇಕಡ 10ಕ್ಕಿಂತ ಕಡಿಮೆ ಪ್ರತಿಫಲಿಸುತ್ತವೆ. ಆದುದರಿಂದ ಇಲ್ಲಿ ತುಟಿಗೆ ಕಿರಣ ಬರುವುದು ಕೆಳಗಿನಿಂದಲ್ಲ, ಮೇಲಿನಿಂದ. ಜಾರಾಟಗಾರರು ಬಿಸಿಲಿಗೆ ಬಿದ್ದದ್ದು ವರ್ಷದಲ್ಲಿ ಕೆಲವು ದಿನ, ರಜೆಯಲ್ಲಿ. ಕಾಯಿ ಕೀಳುವವರು, ಕಿತ್ತ ಕಾಯಿ ಆಯುವವರು, ಮಟ್ಟೆ ಸುಲಿಯುವವರು, ರಾಗಿ ಹೊಲದಲ್ಲಿ ದುಡಿಯುವವರು ಬಿಸಿಲಿನಲ್ಲಿರುವುದು ತಿಂಗಳುಗಟ್ಟಲೆ. ಉಂಡೆಕೊಬ್ಬರಿಯು ಅಟ್ಟದ ನೆರಳಿನಲ್ಲಿ ಹತ್ತಿರಹತ್ತಿರ ವರ್ಷದವರೆಗೆ ಒಣಗುವುದರಿಂದ ಆ ಕೆಲಸ ಬಿಸಿಲಿನದಲ್ಲ. ಕೀಳುವ ಕೆಲಸವೇ ಬಿಸಿಲಿನದು. ಕುಡುಗೋಲು ಕಟ್ಟಿದ ಉದ್ದ ಗಳ ಹಿಡಿದು ಗೊನೆಯತ್ತ ಕತ್ತೆತ್ತಿ ನೋಡುವವನ ಮುಖ ನೇರವಾಗಿ ಆಕಾಶಕ್ಕೆ ತೆರೆದಿರುತ್ತದೆ. ತಲೆಗೆ ಸುತ್ತಿದ ಟವೆಲ್ಲಾಗಲಿ ತಲೆಯ ಮೇಲೆ ಹೊದ್ದ ಸೆರಗಾಗಲಿ ಕೆಳತುಟಿಗೆ ನೆರಳು ಕೊಡುವುದಿಲ್ಲ. ರಜೆಯ ಬಿಸಿಲಿಗೆ ಮುಂಚಿತವಾಗಿ ನಾಲ್ಕು ದಿನ ಮಾತ್ರೆ ನುಂಗುವ ಕ್ರಮ ದಿನವೂ ಬಿಸಿಲಿಗೆ ಹೋಗುವವರಿಗೆ ಹೊಂದುವುದಿಲ್ಲ.

ಇವರಿಗೆ ಮೊದಲ ರಕ್ಷಣೆ ನೆರಳು ಮತ್ತು ಹೊತ್ತು: ಬೆಳಿಗ್ಗೆ 10 ಗಂಟೆಯ ಮೊದಲು, ಸಂಜೆ 4ರ ಬಳಿಕ ಬಯಲಿನ ಕೆಲಸ, ಮುಖದ ಸುತ್ತಲೂ ಅಂಚಿರುವ ಟೋಪಿ, ಮೂಗುಬಾಯಿಗೆ ಕಟ್ಟಿಕೊಂಡ ತೆಳು ಹತ್ತಿಬಟ್ಟೆ. ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ತುಟಿಲೇಪ ಬಳಸುವವರು ಎರಡು ಗಂಟೆಗೊಮ್ಮೆ, ಉಂಡ ಮೇಲೆ ಮತ್ತು ಎಲೆಅಡಿಕೆ ಹಾಕಿದ ಮೇಲೆ ಮತ್ತೆ ಹಚ್ಚಬೇಕು. ಬಟ್ಟೆಯ ರಕ್ಷಣೆ ಒರೆಸಿದರೆ ಹೋಗುವಂತಹುದಲ್ಲ ಎಂಬುದೇ ಅದರ ಹೆಚ್ಚುಗಾರಿಕೆ.

ಚಿಕಿತ್ಸೆ ಮತ್ತು ವೈದ್ಯರ ಸಲಹೆ

ವರ್ಷಕ್ಕೆ ಒಂದೆರಡು ಸಲ ಏಳುವ ಸಣ್ಣ ಗುಳ್ಳೆಗೆ ಮಾತ್ರೆ ಬೇಕೆಂದೇನೂ ಇಲ್ಲ. ಬೇಕೆನಿಸಿದಾಗ ಚುರುಗುಟ್ಟುವಿಕೆಯ ಹಂತದಲ್ಲಿಯೇ ಆರಂಭಿಸಿದರೆ ಮಾತ್ರ ಲಾಭ. ವ್ಯಾಲಸೈಕ್ಲೊವಿರ್ 2 ಗ್ರಾಂನಂತೆ 12 ಗಂಟೆಗಳ ಅಂತರದಲ್ಲಿ ಎರಡೇ ಸಲ ಕೊಡುವ ಒಂದು ದಿನದ ಕ್ರಮಕ್ಕೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದರಿಂದ ಕಾಯಿಲೆಯ ಅವಧಿ ಸುಮಾರು ಒಂದು ದಿನದಷ್ಟು ಕಡಿಮೆಯಾಗುತ್ತದೆ. ಮೂತ್ರಪಿಂಡದ ತೊಂದರೆಯಿರುವವರಲ್ಲಿ ಪ್ರಮಾಣ ತಗ್ಗಿಸಬೇಕಾದುದರಿಂದ ಈ ಮಾತ್ರೆಗಳನ್ನು ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು.

ಕಣ್ಣು ಕೆಂಪಾಗಿ ನೋವು ಬಂದರೆ, ಗುಳ್ಳೆ ಮುಖಕ್ಕೆಲ್ಲ ಹರಡಿದರೆ, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಅಥವಾ ಇಸುಬು ಇರುವ ಮಕ್ಕಳಲ್ಲಿ ಗುಳ್ಳೆ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗುಳ್ಳೆಯಿರುವವರು ಹಸುಗೂಸಿಗೆ ಮುತ್ತು ಕೊಡಬಾರದು; ನವಜಾತ ಶಿಶುವಿಗೆ ಈ ಸೋಂಕು ಪ್ರಾಣಾಂತಿಕವಾಗಬಲ್ಲದು. ಎರಡು ಮೂರು ವಾರ ಕಳೆದರೂ ಮಾಯದ ತುಟಿಯ ಹುಣ್ಣು ತುಟಿಗುಳ್ಳೆಯಲ್ಲ. ಹೊಗೆಸೊಪ್ಪು ಹಾಕುವವರಲ್ಲಿ, ದಶಕಗಳ ಕಾಲ ಬಿಸಿಲಿನಲ್ಲಿ ದುಡಿದವರಲ್ಲಿ ಅದು ಕ್ಯಾನ್ಸರಿನ ಆರಂಭವಿರಬಹುದಾದುದರಿಂದ ‘ಉಷ್ಣ’ವೆಂದು ಬೆಣ್ಣೆ ಹಚ್ಚುತ್ತ ಕೂರಬಾರದು.

ಭಾರತದಲ್ಲಿ ಪರೀಕ್ಷೆಯ ನಿಯಮಗಳು

ಆರೋಗ್ಯವಾಗಿರುವವರ ತುಟಿಗೆ ಉದ್ದೇಶಪೂರ್ವಕವಾಗಿ ಕಿರಣ ಬೀರಿ ರೋಗವನ್ನು ಎಬ್ಬಿಸುವುದು ನೀತಿಯ ಪ್ರಶ್ನೆಯನ್ನೂ ಎಬ್ಬಿಸುತ್ತದೆ. ರೋಗವು ಸಣ್ಣದು, ತಾನಾಗಿ ಮಾಯುವಂತಹುದು ಮತ್ತು ಸ್ವಯಂಸೇವಕರಿಗೆ ಅದರ ಅನುಭವ ಮೊದಲೇ ಇದೆ ಎಂಬ ಕಾರಣಗಳಿಂದ ಅದನ್ನು ಒಪ್ಪಲಾಗಿದೆ. ಭಾರತದಲ್ಲಿ ಔಷಧ ಪರೀಕ್ಷೆಗಳನ್ನು ದಾಖಲಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2007ರ ಜುಲೈನಲ್ಲಿ ಆರಂಭಿಸಿತು. 2009ರ ಜೂನ್ 15ರಿಂದ ನೋಂದಣಿ ಕಡ್ಡಾಯವಾಯಿತು. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳು ನೀತಿಸಮಿತಿಯ ಅನುಮೋದನೆ, ಲಿಖಿತ ಸಮ್ಮತಿ ಮತ್ತು ಹಾನಿಯಾದಲ್ಲಿ ಪರಿಹಾರವನ್ನು ವಿಧಿಸುತ್ತವೆ. ಸಮ್ಮತಿಪತ್ರವು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಓದಲು ಬಾರದವರಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರ ಎದುರಿನಲ್ಲಿ ವಿವರಿಸಿ ಸಮ್ಮತಿ ಪಡೆಯಬೇಕು. ರಿಜಿಸ್ಟ್ರಿಯ ದಾಖಲೆಗಳನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ಉಚಿತವಾಗಿ ನೋಡಬಹುದು.